ಒರೆಸಿದರೂ ಹೋಗದ ಐದು ಚುಕ್ಕೆ

ನನ್ನ ತಂಗಿ ಅಹಂಕಾರಿ. ಬೆನ್ನ ಹಿಂದೆ ಹೇಳುವ ಮಾತಲ್ಲ ಇದು. ಮುಖಕ್ಕೇ ಎಷ್ಟೋ ಸಲ ಹೇಳಿದ್ದೇನೆ, ಅವಳು ಇಲ್ಲವೆಂದಿಲ್ಲ. "ಹೌದು, ಇದೆ. ಕೆಲಸ ಬರುತ್ತೆ, ಅದಕ್ಕೇ ಇದೆ. ಬರದೆ ಇರೋರು ವಿನಯ ಇಟ್ಕೊಳ್ಳಲಿ" ಎನ್ನುತ್ತಾಳೆ. ಅವಳಿಗಿಂತ ಏಳು ವರ್ಷಕ್ಕೆ ದೊಡ್ಡವಳಾದ ನಾನು, "ನನ್ನದು ತಪ್ಪಾಯಿತು" ಎಂಬ ಮಾತನ್ನು ಅವಳ ಬಾಯಿಂದ ಬಾಲ್ಯದಲ್ಲೂ ಕೇಳಿರಲಿಲ್ಲ. ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು, ಸಾಧು ಮನುಷ್ಯ. "ನಮ್ಮನೇಲಿ ತಪ್ಪು ಮಾಡೋ ಹಕ್ಕು ನನಗೊಬ್ಬನಿಗೇ ಇರೋದು. ನಾನೂ ಅದನ್ನ ದಂಡ ಮಾಡಲ್ಲ" ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಾನೆ.

ಅವಳು ದೊಡ್ಡಾಸ್ಪತ್ರೆಯಲ್ಲಿ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ತೆಗೆಯುತ್ತಾಳೆ. ಮೂವತ್ತೊಂದು ವರ್ಷವಾಯಿತು. ನೆಲಮಹಡಿಯಲ್ಲಿ ಉದ್ದ ಮೊಗಸಾಲೆಯ ಕೊನೆಗೆ ಅವಳ ಕೋಣೆ. ಬಾಗಿಲಿಗೆ ಎರಡು ಚಿಲಕ. ಒಂದು ಸಾಕಿತ್ತು, ಎರಡನೆಯದನ್ನು ಅವಳೇ ಹಾಕಿಸಿದಳು. "ಒಂದು ಚಿಲಕ ಬಾಗಿಲಿಗೆ, ಇನ್ನೊಂದು ಬಂದೋರ ಧೈರ್ಯಕ್ಕೆ" ಎಂದು ಆಸ್ಪತ್ರೆಯ ಬಡಗಿಗೆ ಹೇಳಿದ್ದಳಂತೆ. ಕಿಟಕಿಗೆ ಮಸುಕು ಗಾಜು. ಗೋಡೆಯಲ್ಲಿ ಒಗೆದ ನಿಲುವಂಗಿಗಳ ಸಾಲು. ಬಂದವರು ಕೂರಲು ಸ್ಟೂಲು ಇಲ್ಲ, ಏಕೆಂದರೆ ಕೂತು ಎದ್ದವರು ಬೆನ್ನು ಬಾಗಿಸುತ್ತಾರೆ. ನಡುವೆ ಆಳೆತ್ತರದ ಮಷೀನು. ಅದರ ಕೆಳಗಿನ ತಟ್ಟೆ ಯಾವಾಗಲೂ ತಣ್ಣಗೆ, ಮೇಲಿನದು ಪಾರದರ್ಶಕ. ಎರಡರ ನಡುವೆ ಸ್ತನವನ್ನು ಒತ್ತಿ ಹರಡಿ, ಒಂದೊಂದಕ್ಕೂ ಎರಡು ಕೋನದಿಂದ, ಒಟ್ಟು ನಾಲ್ಕು ಚಿತ್ರ. ಬೆರಳಿಗೆ ಗಂಟು ಸಿಗುವುದಕ್ಕೆ ಎಷ್ಟೋ ಮೊದಲೇ ಒಳಗೆ ನಡೆಯುತ್ತಿರುವುದನ್ನು ಈ ಚಿತ್ರ ಹೇಳಬಲ್ಲದು, ಚಿತ್ರ ಸರಿಯಾಗಿ ಬಂದರೆ. ಈ 'ಸರಿಯಾಗಿ ಬಂದರೆ' ಎಂಬುದರೊಳಗೇ ನನ್ನ ತಂಗಿಯ ಆಯುಷ್ಯವೆಲ್ಲ ಕಳೆದಿದೆ.

ಸ್ತನದ ಬುಡ ಎದೆಗೂಡಿಗೆ ಅಂಟಿಕೊಂಡಿರುತ್ತದೆ. ಹೆದರಿದ ಹೆಂಗಸು ತನಗೆ ಗೊತ್ತಿಲ್ಲದೆಯೇ ಹಿಂದಕ್ಕೆ ಸರಿಯುತ್ತಾಳೆ; ಬುಡದ ಭಾಗ ಚಿತ್ರದಿಂದ ಹೊರಗುಳಿಯುತ್ತದೆ. ಆದ್ದರಿಂದ ಅವಳು ಬಂದವರ ಭುಜ ಹಿಡಿದು, ಪಕ್ಕೆ ಹಿಡಿದು, ಮುಲಾಜಿಲ್ಲದೆ ಮುಂದಕ್ಕೆ ಎಳೆಯುತ್ತಾಳೆ.

"ಭುಜ ಇಳಿಸಿ. ಇನ್ನೂ ಇಳಿಸಿ. ಗಂಡನ ಮೇಲಿನ ಕೋಪ ಎಲ್ಲಾ ಅಲ್ಲೇ ಇಟ್ಕೊಂಡಿದೀರಲ್ಲ, ಇಳಿಸೀಂದ್ರೆ!"

ಹೆಂಗಸು ನಗುತ್ತಾಳೆ, ಭುಜ ಇಳಿಯುತ್ತದೆ, ಅಷ್ಟರಲ್ಲಿ ತಟ್ಟೆ ಇಳಿದು ಚಿತ್ರ ಮುಗಿದಿರುತ್ತದೆ. ಒಂದು ಎಳೆ ಕಡಿಮೆ ಬಂದಿದ್ದರೂ "ಇನ್ನೊಂದ್ಸಲ" ಎನ್ನುತ್ತಾಳೆ. ಆಸ್ಪತ್ರೆಯಲ್ಲಿ ಅವಳ ಅಡ್ಡಹೆಸರೇ 'ಇನ್ನೊಂದ್ಸಲ'. ಒಮ್ಮೆ ಹೊಸ ಡಾಕ್ಟರೊಬ್ಬರು, "ಇಷ್ಟು ಸಾಕು ಮೇಡಂ, ಬಿಡಿ" ಎಂದರಂತೆ. "ಸಾಕು ಅನ್ನೋದು ಊಟಕ್ಕೆ ಕೂತಾಗ ಹೇಳೋ ಮಾತು ಡಾಕ್ಟ್ರೇ" ಎಂದಳು. ಮಗಳ ಶಾಲೆಯ ಗುಂಪುಚಿತ್ರದಲ್ಲೂ ಎರಡನೆಯ ಸಾಲಿನವರ ಭುಜ ಸರಿಯಿಲ್ಲವೆಂದು ಫೋಟೋದವನಿಗೆ ಇನ್ನೊಂದು ಸಲ ತೆಗೆಯಲು ಹೇಳಿದವಳು ಇವಳು. ಅವನು ತೆಗೆದ. ಎರಡನೆಯದು ನಿಜಕ್ಕೂ ಚೆನ್ನಾಗಿತ್ತು.

ಅಹಂಕಾರಕ್ಕೆ ಆಧಾರ ಇರಲಿಲ್ಲವೆಂದು ನಾನು ಹೇಳಲಾರೆ. ದೂರದ ಊರಿನ ದೊಡ್ಡ ಆಸ್ಪತ್ರೆಗೆ ಇಲ್ಲಿಂದ ಚಿತ್ರಗಳು ಹೋದರೆ, ಅಲ್ಲಿನ ಡಾಕ್ಟರರು ಕಾಗದ ನೋಡುವ ಮೊದಲೇ, "ಇದು ಆ ಮೂಲೆ ಕೋಣೆಯಿಂದ ಬಂದದ್ದು" ಎನ್ನುತ್ತಿದ್ದರು. ಅಕ್ಷರ ನೋಡಿ ಬರೆದವರನ್ನು ಗುರುತಿಸುವ ಹಾಗೆ. ಇದನ್ನು ನನಗೆ ಹೇಳಿದವರು ಅಲ್ಲಿನ ಡಾಕ್ಟರರೇ. ತಂಗಿ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಆ ಕೋಣೆಯಲ್ಲಿ ಮಧ್ಯಾಹ್ನದ ಪಾಳಿಗೆ ಇನ್ನೊಬ್ಬಳಿದ್ದಾಳೆ. ನಲವತ್ತರ ಆಸುಪಾಸಿನ, ಚುರುಕು ಹೆಂಗಸು. ನನ್ನ ತಂಗಿ ಅವಳಿಗಿಟ್ಟ ಹೆಸರು 'ಗಡಿಬಿಡಿ'. ಹತ್ತು ವರ್ಷ ಒಂದೇ ಮಷೀನು ಹಂಚಿಕೊಂಡರೂ ಅವಳ ಒಂದು ಚಿತ್ರವನ್ನಾದರೂ ಇವಳು ಮೆಚ್ಚಿದ್ದಿಲ್ಲ.

"ಮೇಡಂ, ನೀವು ಒಬ್ಬರಿಗೆ ತೆಗೆಯೋಷ್ಟರಲ್ಲಿ ನಾನು ಇಬ್ಬರಿಗೆ ತೆಗೆದಿರ್ತೀನಿ" ಎನ್ನುತ್ತಿದ್ದಳು ಗಡಿಬಿಡಿ.

"ತೆಗೀತೀಯ. ಇಬ್ಬರದ್ದೂ ಅರ್ಧರ್ಧ."

ಇನ್ನು ಪೌಡರಿನ ವಿಷಯ ಹೇಳಬೇಕು. ಮೈಗೆ ಪೌಡರು ಹಾಕಿಕೊಂಡು ಬರಬೇಡಿ ಎಂದು ಬಾಗಿಲ ಮೇಲೆ ದೊಡ್ಡಕ್ಷರದಲ್ಲಿ ಬರೆದಿದೆ. ಆದರೂ ಹತ್ತರಲ್ಲಿ ನಾಲ್ವರು ಹಾಕಿಕೊಂಡೇ ಬರುತ್ತಾರೆ. ಅಪರಿಚಿತರ ಎದುರು ಮೈ ಬಿಚ್ಚಬೇಕಾದ ಕಡೆಗೆ ಬೆವರಿನ ವಾಸನೆ ಹೊತ್ತು ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ. ಸ್ನಾನ ಮಾಡಿ, ಕಂಕುಳಿಗೆ, ಎದೆಯ ಕೆಳಗೆ ಧಾರಾಳವಾಗಿ ಬಳಿದುಕೊಳ್ಳುತ್ತಾರೆ. ಆ ಪುಡಿ ಚಿತ್ರದಲ್ಲಿ ಸಣ್ಣ ಬಿಳಿ ಚುಕ್ಕೆಗಳಾಗಿ ಬೀಳುತ್ತದೆ. ತೊಂದರೆಯೆಂದರೆ, ತೀರ ಆರಂಭದ ಕ್ಯಾನ್ಸರೂ ಕೆಲವು ಸಲ ಅಂಥದೇ ಬಿಳಿ ಚುಕ್ಕೆಗಳ ಗುಂಪಾಗಿ ಕಾಣುತ್ತದೆ. ಅದಕ್ಕೆಂದೇ ಅವಳ ಮೇಜಿನ ಮೇಲೆ ಬಟ್ಟಲು ನೀರು, ಮಡಿಸಿಟ್ಟ ಬಿಳಿ ಬಟ್ಟೆ. ಒದ್ದೆ ಮಾಡಿ, ಹಿಂಡಿ, ಒರೆಸಿ, ಇನ್ನೊಂದ್ಸಲ. ಚುಕ್ಕೆ ಹೋದರೆ ಪೌಡರು, ಉಳಿದರೆ ಡಾಕ್ಟರ ಕೆಲಸ. ಅವಳು ಚೀಟಿಯಲ್ಲಿ 'ಪೌಡರ್' ಎಂದು ಬರೆದರೆ ವರದಿ ಬರೆಯುವ ಡಾಕ್ಟರರು ಮರುಮಾತಾಡುತ್ತಿರಲಿಲ್ಲ. ಮೂವತ್ತು ವರ್ಷ ಅದು ಪೌಡರೇ ಆಗಿತ್ತು.

ನಿವೃತ್ತಿಗೆ ಒಂದು ವರ್ಷವಿದ್ದಾಗ, ಒಂದು ಗುರುವಾರ, ಇಸ್ತ್ರಿ ಅಂಗಡಿಯವಳೊಬ್ಬಳು ಬಂದಳು. ಐವತ್ತು ವರ್ಷ, ಗಟ್ಟಿ ಆಳು. ದಿನವಿಡೀ ಬಿಸಿ ಪೆಟ್ಟಿಗೆಯ ಮುಂದೆ ನಿಲ್ಲುವವಳು, ಬೆವರು ಜಾಸ್ತಿಯೆಂದು ಅರ್ಧ ಡಬ್ಬಿ ಪೌಡರು ಸುರಿದುಕೊಂಡಿದ್ದಳು. ಬಲಗಡೆಯ ಚಿತ್ರದಲ್ಲಿ ನಕ್ಷತ್ರ ಚೆಲ್ಲಿದ ಹಾಗೆ ಚುಕ್ಕೆಗಳು. ತಂಗಿ ಒರೆಸಿದಳು, ಇನ್ನೊಂದು ಸಲ ತೆಗೆದಳು. ಬಹುಪಾಲು ಹೋಗಿ ಕೆಲವೇ ಉಳಿದವು. ಹೊರಗೆ ಹನ್ನೊಂದು ಮಂದಿ ಕಾಯುತ್ತಿದ್ದರು. ಇಸ್ತ್ರಿಯವಳು ಅಂಗಡಿಗೆ ಹೊತ್ತಾಯಿತೆಂದು ಒದ್ದಾಡುತ್ತಿದ್ದಳು. ಅಂಥ ಡಬ್ಬಿಗಟ್ಟಲೆ ಪೌಡರಿನಲ್ಲಿ ನಾಲ್ಕು ಕಣ ಚರ್ಮದ ಮಡಿಕೆಯಲ್ಲಿ ಉಳಿದಿದ್ದರೆ ಆಶ್ಚರ್ಯವೇನು? ಚೀಟಿಯಲ್ಲಿ 'ಪೌಡರ್' ಎಂದು ಬರೆದಳು. ವರದಿ ಬಂತು: ಏನೂ ತೊಂದರೆಯಿಲ್ಲ, ಎರಡು ವರ್ಷದ ನಂತರ ಬರುವುದು.

ಶನಿವಾರ ಮಧ್ಯಾಹ್ನ ಅವಳಿಗೊಂದು ಪದ್ಧತಿಯಿದೆ. ವಾರದ ತನ್ನ ಚಿತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ತೆರೆದು ಒಂದೊಂದಕ್ಕೂ ಹತ್ತಕ್ಕೆ ಇಷ್ಟೆಂದು ಅಂಕ ಹಾಕಿಕೊಳ್ಳುತ್ತಾಳೆ. ಇದನ್ನೂ ನಾನು ಅಹಂಕಾರದ ಲೆಕ್ಕಕ್ಕೇ ಹಾಕಿದ್ದೆ. ಬೇರೆ ಯಾರಿಗೂ ಅಂಕ ಹಾಕುವ ಯೋಗ್ಯತೆಯಿಲ್ಲವೆಂದಲ್ಲವೇ? ಆ ಶನಿವಾರ ಅವಳನ್ನು ಮನೆಗೆ ಕರೆದೊಯ್ಯಲು ಹೋಗಿದ್ದೆ. ಅವಳು ಪರದೆಯ ಮುಂದೆ ಅಡಿಪಟ್ಟಿ ಹಿಡಿದು ಕೂತಿದ್ದಳು. ಇಸ್ತ್ರಿಯವಳ ಎರಡು ಚಿತ್ರಗಳು, ಒರೆಸುವ ಮೊದಲಿನದು ಮತ್ತು ಒರೆಸಿದ ನಂತರದ್ದು, ಅಕ್ಕಪಕ್ಕ ಇದ್ದವು.

"ಅಕ್ಕ, ಇಲ್ನೋಡು. ಈ ಐದು."

ನೋಡಿದೆ. ಐದು ಬಿಳಿ ಚುಕ್ಕೆ, ಒಂದಕ್ಕೊಂದು ಒತ್ತಿಕೊಂಡು.

"ಮೊಲೆತೊಟ್ಟಿನಿಂದ ಅಳೆದೆ. ಎರಡರಲ್ಲೂ ಒಂದೇ ದೂರ, ಒಂದೇ ಆಕಾರ. ಬಟ್ಟೆಯಲ್ಲಿ ತಿಕ್ಕಿ ಒರೆಸಿದೀನಿ. ಪೌಡರ್ ಆಗಿದ್ರೆ ಒಂದಾದ್ರೂ ಜಾಗ ಬಿಡಬೇಕಿತ್ತು."

"ಅಂದರೆ?"

"ಅಂದ್ರೆ ಚರ್ಮದ ಮೇಲಿಲ್ಲ. ಒಳಗಿದೆ."

ಅಡಿಪಟ್ಟಿಯನ್ನು ಡ್ರಾಯರಿಗೆ ಹಾಕಿ ಆ ಚಿತ್ರಕ್ಕೆ ಅಂಕ ಬರೆದಳು. ಸೊನ್ನೆ. ಡಾಕ್ಟರಿಗೆ ಫೋನು ಮಾಡಿ, ವರದಿ ಹಿಂತೆಗೆದುಕೊಂಡು ಚಿತ್ರ ಮತ್ತೆ ನೋಡಬೇಕೆಂದಳು. ಕಾರಣ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಮತ್ತೆ ನೋಡಿದ ಡಾಕ್ಟರರು, ಆ ಜಾಗವನ್ನು ದೊಡ್ಡದು ಮಾಡಿ ತೆಗೆಯಬೇಕು, ಬೇಗ ಕರೆಸಿ, ಎಂದರು.

ಕರೆದರೆ ಬರಬೇಕಲ್ಲ. ಫೋನಿಗೆ ಇಸ್ತ್ರಿಯವಳು, "ಎಲ್ಲ ಸರಿ ಇದೆ ಅಂತ ಕಾಗದ ಕೊಟ್ಟಿದೀರಿ. ಗೋಡೆಗೆ ಅಂಟಿಸಿಟ್ಟಿದೀನಿ. ಮತ್ತೆ ಹಿಂಡಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ" ಎಂದು ಇಟ್ಟುಬಿಟ್ಟಳು. ಎರಡನೆಯ ಸಲ ಫೋನೇ ಎತ್ತಲಿಲ್ಲ. ಕಾಗದ ಕಳಿಸಿದರು, ಉತ್ತರವಿಲ್ಲ. ಹತ್ತು ದಿನ ಕಳೆಯಿತು. ಆ ಹತ್ತು ದಿನವೂ ನನ್ನ ತಂಗಿ ಊಟದ ತಟ್ಟೆಯ ಮುಂದೆ ಕೂತು ಎದ್ದಳು. ಹನ್ನೊಂದನೆಯ ದಿನ, "ಅಕ್ಕ, ನಿನ್ನ ಹತ್ರ ಇಸ್ತ್ರಿಗೆ ಕೊಡೋ ಬಟ್ಟೆ ಇದೆಯಾ?" ಎಂದಳು.

ಅಂಗಡಿ ಕಿರಿದಾದ ಬೀದಿಯಲ್ಲಿತ್ತು. ಎರಡು ಮೇಜು, ಎರಡು ಪೆಟ್ಟಿಗೆ, ಗೋಡೆಯುದ್ದ ಹ್ಯಾಂಗರಿಗೆ ಹಾಕಿದ ಅಂಗಿಗಳು. ಒಂದು ಮೇಜಿನಲ್ಲಿ ಇಸ್ತ್ರಿಯವಳು, ಇನ್ನೊಂದರಲ್ಲಿ ಅವಳ ಸ್ವಂತ ಅಕ್ಕ. ನನ್ನ ತಂಗಿಯನ್ನು ಕಂಡದ್ದೇ ಇಸ್ತ್ರಿಯವಳು, "ಅಯ್ಯೋ, 'ಇನ್ನೊಂದ್ಸಲ' ಮೇಡಂ ಮನೆ ಬಾಗಿಲಿಗೇ ಬಂದುಬಿಟ್ರಲ್ಲ!" ಎಂದಳು. ಅವಳ ಅಕ್ಕ ಪಕ್ಕನೆ ನಕ್ಕಳು.

"ನಾಳೆ ಬೆಳಿಗ್ಗೆ ಬರ್ಬೇಕು. ನಾನು ಹೇಳ್ತಿದೀನಿ" ಎಂದಳು ತಂಗಿ.

"ಯಾಕೆ? ನೀವೇ ಅವತ್ತು ಪೌಡರ್ ಅಂದ್ರಿ. ಒರೆಸಿದ್ದೂ ನೀವೇ. ಈಗ ಅಲ್ಲ ಅಂದ್ರೆ ಯಾರ ಮಾತು ನಂಬ್ಲಿ?"

ನಾನು ಕಾದೆ. ಆಮೇಲೆ ನನ್ನ ತಂಗಿ ಹೇಳಿದ್ದಿಷ್ಟು:

"ಅವತ್ತು ಮಷೀನು ಸರಿ ಇರ್ಲಿಲ್ಲ. ಅದರ ತಪ್ಪು."

"ಹಾಗೆ ಮೊದಲೇ ಹೇಳ್ಬಾರ್ದಾ?" ಎಂದಳು ಇಸ್ತ್ರಿಯವಳು. "ನಮ್ಮ ಈ ಪೆಟ್ಟಿಗೇನೂ ಹಾಗೇ, ಒಂದೊಂದಿನ ಸುಟ್ಟುಬಿಡುತ್ತೆ. ಬರ್ತೀನಿ ಬಿಡಿ."

ವಾಪಸು ಬರುವಾಗ ತಂಗಿ, "ಬರ್ತಾಳಲ್ಲ, ಅಷ್ಟೇ ಬೇಕಾಗಿದ್ದು" ಎಂದಳು. ಅಷ್ಟೇ ಬೇಕಾಗಿದ್ದದ್ದು ನಿಜ. ಆದರೂ ಆ ಬಡ ಮಷೀನಿನ ಮೇಲೆ ನನಗೆ ಮರುಕ ಹುಟ್ಟಿತು.

ಇಸ್ತ್ರಿಯವಳು ಬಂದಳು. ಆ ಜಾಗವನ್ನಷ್ಟೇ ದೊಡ್ಡದು ಮಾಡಿ ತೆಗೆದ ಚಿತ್ರದಲ್ಲಿ ಐದಲ್ಲ, ಒಂಬತ್ತು ಚುಕ್ಕೆ ಕಂಡವು. ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸಿದರು. ಕ್ಯಾನ್ಸರೇ, ಆದರೆ ಹಾಲಿನ ನಾಳದ ಒಳಗೇ ಇತ್ತು, ಇನ್ನೂ ಗೋಡೆ ದಾಟಿರಲಿಲ್ಲ. ಆ ಭಾಗವನ್ನಷ್ಟೇ ಶಸ್ತ್ರಕ್ರಿಯೆಯಲ್ಲಿ ತೆಗೆದರು, ಕೆಲವು ವಾರ ವಿಕಿರಣ ಚಿಕಿತ್ಸೆ ಕೊಟ್ಟರು. ಮೂರು ತಿಂಗಳಿಗೆ ಅವಳು ಮತ್ತೆ ಪೆಟ್ಟಿಗೆ ಹಿಡಿದಳು. ಎರಡು ವರ್ಷ ಬಿಟ್ಟು ಬಂದಿದ್ದರೆ ಏನಾಗುತ್ತಿತ್ತೆಂದು ಡಾಕ್ಟರರು ಬಿಡಿಸಿ ಹೇಳಲಿಲ್ಲ. ಆಸ್ಪತ್ರೆಯ ಸಭೆಯಲ್ಲಿ ಮುಖ್ಯ ವೈದ್ಯರು, "ಶನಿವಾರ ಕೂತು ತನ್ನ ಕೆಲಸವನ್ನೇ ತಿದ್ದುವ ಇಂಥ ಕಣ್ಣು ಇನ್ನೊಂದು ಸಿಗಲಾರದು" ಎಂದರು. ಚಪ್ಪಾಳೆಯಾಯಿತು. ನನ್ನ ತಂಗಿ ತಲೆ ನೆಟ್ಟಗೆ ಇಟ್ಟುಕೊಂಡು ಕೂತಿದ್ದಳು. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಇಷ್ಟಕ್ಕೇ ಮುಗಿದಿದ್ದರೆ ಅವಳ ಬಗ್ಗೆ ನನ್ನ ತೀರ್ಮಾನ ಹಾಗೇ ಉಳಿಯುತ್ತಿತ್ತು.

ಇಸ್ತ್ರಿಯವಳ ಅಕ್ಕನೂ ಪರೀಕ್ಷೆ ಮಾಡಿಸಿಕೊಳ್ಳಲೇಬೇಕೆಂದು ಡಾಕ್ಟರರು ಹೇಳಿದ್ದರು. ಒಡಹುಟ್ಟಿದವಳಿಗೆ ಬಂದರೆ ಇವಳಿಗೂ ಅಪಾಯ ಹೆಚ್ಚು. ದಿನ ಕೊಟ್ಟರು, ಬರಲಿಲ್ಲ. ಇನ್ನೊಂದು ದಿನ ಕೊಟ್ಟರು, ಬರಲಿಲ್ಲ. ಆ ಬೀದಿಯಿಂದ ಹೆಸರು ಬರೆಸಿದ್ದ ಬೇರೆ ಹೆಂಗಸರೂ ಒಬ್ಬೊಬ್ಬರಾಗಿ ತಪ್ಪಿಸಿಕೊಂಡರು. ಏನೆಂದು ವಿಚಾರಿಸಿ ಬಂದವಳು ಗಡಿಬಿಡಿ. ಅವಳ ಮನೆ ಆ ಕಡೆಯೇ.

"ಮೇಡಂ, ಬೀದಿ ತುಂಬ ಒಂದೇ ಮಾತು. ದೊಡ್ಡಾಸ್ಪತ್ರೆ ಮಷೀನು ಕೆಟ್ಟಿದೆಯಂತೆ, ಇದ್ದದ್ದನ್ನ ಇಲ್ಲ ಅನ್ನುತ್ತಂತೆ. ಯಾರೋ ಒಳಗಿನೋರೇ ಹೇಳಿದ್ರಂತೆ. ಯಾರ್ ಮೇಡಂ ಅಂಥ ಮಾತು ಹೇಳಿದ್ದು?"

ನನ್ನ ತಂಗಿ ಮನೆಗೆ ಬಂದು ನನಗೆ ಇಷ್ಟನ್ನು ವರದಿ ಮಾಡಿ, "ಬಟ್ಟೆ ಇದೆಯಾ?" ಎಂದಳು.

"ಬಟ್ಟೆ ಯಾಕೆ? ಹಾಗೇ ಹೋಗು."

"ನೀನೂ ಬಾ" ಎಂದಳು. ಏಳು ವರ್ಷ ಚಿಕ್ಕವಳೆಂಬುದು ಆ ದಿನ ಮೊದಲ ಸಲ ಅವಳ ಮುಖದಲ್ಲಿ ಕಂಡಿತು.

ಸಂಜೆ ಐದರ ಹೊತ್ತು. ಅಂಗಡಿಯಲ್ಲಿ ಬಟ್ಟೆ ಒಯ್ಯಲು ಬಂದ ನಾಲ್ಕೈದು ಹೆಂಗಸರು. ಇಸ್ತ್ರಿಯವಳು ಸಂಭ್ರಮದಿಂದ, "ಬನ್ನಿ ಬನ್ನಿ, ಇವರೇ ಕಣ್ರೇ, ಮಷೀನು ತಪ್ಪು ಮಾಡಿದ್ರೂ ಹಿಡಿದೋರು!" ಎಂದು ಎಲ್ಲರಿಗೂ ತೋರಿಸಿದಳು.

ತಂಗಿ ನೇರ ಇಸ್ತ್ರಿಯವಳ ಅಕ್ಕನ ಮೇಜಿಗೆ ಹೋದಳು. "ನೀವ್ಯಾಕೆ ಬರ್ಲಿಲ್ಲ?"

"ಕೆಟ್ಟ ಮಷೀನಿಗೆ ಮೈ ಕೊಡೋಕೆ ನನಗೇನು ತಲೆ ಕೆಟ್ಟಿದೆಯಾ?" ಎಂದಳು ಅಕ್ಕ, ಅಂಗಿಯ ಕಾಲರಿನಿಂದ ಕಣ್ಣೆತ್ತದೆ. "ಹೊಸದು ಬರ್ಲಿ, ಆಮೇಲೆ ನೋಡೋಣ."

"ಮಷೀನು ಕೆಟ್ಟಿಲ್ಲ."

"ನೀವೇ ಅಂದ್ರಿ, ಇಲ್ಲೇ ನಿಂತ್ಕೊಂಡು."

"ಅಂದೆ. ಸುಳ್ಳು ಹೇಳ್ದೆ. ಮಷೀನು ಆ ಐದು ಚುಕ್ಕೇನ ಎರಡು ಸಲಾನೂ ಸರಿಯಾಗಿ ತೋರಿಸ್ತು. ನೋಡಿ ಪೌಡರ್ ಅಂತ ಬರೆದೋಳು ನಾನು. ತಪ್ಪು ನನ್ನದು."

ಇಸ್ತ್ರಿಯವಳು ತನ್ನ ಮೇಜು ಬಿಟ್ಟು ಬಂದಳು. ಬಯ್ಯುತ್ತಾಳೆಂದುಕೊಂಡೆ, ಬಯ್ಯುವ ಹಕ್ಕು ಇತ್ತು.

"ನಾನು ಅವತ್ತು ಬೇಗ ಬಿಡಿ ಬೇಗ ಬಿಡಿ ಅಂತ ಪ್ರಾಣ ತಿಂದಿದ್ದೆ" ಎಂದಳು.

"ನೀವು ಸಾವಿರ ಅನ್ನಿ. ನಾನು ಬಿಡಬಾರದಾಗಿತ್ತು."

ಅಕ್ಕ ಈಗ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ನೋಡಿದಳು. ಚೂಪು ಹೆಂಗಸು. "ಒಳ್ಳೇದಾಯ್ತು. ಮಷೀನು ಸರಿ, ನೀವು ಸರಿಯಿಲ್ಲ. ಹಾಗಾದ್ರೆ ನಿಮ್ಮ ಹತ್ರ ನಾನ್ಯಾಕೆ ಬರ್ಲಿ?"

ಹೆಂಗಸರಲ್ಲೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನನ್ನ ತಂಗಿ ಎಷ್ಟು ಕೆಂಪಾದಳೆಂದರೆ ನಾನು ಬೇರೆ ಕಡೆ ನೋಡಿದೆ.

"ನನ್ನ ಹತ್ರ ಬೇಡ" ಎಂದಳು. "ಮಧ್ಯಾಹ್ನ ಬನ್ನಿ. ಇನ್ನೊಬ್ಬರಿರ್ತಾರೆ. ನಿಮ್ಮ ಕಡೆಯವರೇ. ಚೆನ್ನಾಗಿ ತೆಗೀತಾರೆ."

ಹತ್ತು ವರ್ಷದಲ್ಲಿ ಗಡಿಬಿಡಿಯ ಬಗ್ಗೆ ಅವಳು ಆಡಿದ ಮೊದಲ ಒಳ್ಳೆಯ ಮಾತು ಅದು. ಕೇಳಲು ಗಡಿಬಿಡಿ ಅಲ್ಲಿರಲಿಲ್ಲ.

ಸೋಮವಾರ ತಂಗಿಯ ಪಾಳಿ ಮುಗಿಯುವ ಹೊತ್ತಿಗೆ ನಾನು ಆಸ್ಪತ್ರೆಗೆ ಹೋದೆ, ಊಟಕ್ಕೆ ಕರೆದೊಯ್ಯಲು. ಮೊಗಸಾಲೆಯ ಬೆಂಚಿನ ಮೇಲೆ ಇಸ್ತ್ರಿಯವಳ ಅಕ್ಕ, ಅವಳ ಪಕ್ಕದಲ್ಲಿ ಕಾವಲಿಗೆಂಬಂತೆ ಇಸ್ತ್ರಿಯವಳು, ಆಚೆಗೆ ಆ ಬೀದಿಯ ಇನ್ನೂ ಆರು ಹೆಂಗಸರು. ಎಲ್ಲರಿಂದಲೂ ಪೌಡರಿನ ಘಮ ಘಮ. ಬಾಗಿಲ ಮೇಲಿನ ದೊಡ್ಡಕ್ಷರದ ಕೆಳಗೇ ಕೂತಿದ್ದರು.

"ಏಳು ಮಂದಿ ಮೇಡಂ!" ಎಂದಳು ಗಡಿಬಿಡಿ, ಕೈಗವಸು ಹಾಕಿಕೊಳ್ಳುತ್ತ. "ಒರೆಸೋದರಲ್ಲೇ ಸಂಜೆಯಾಗುತ್ತೆ."

ನನ್ನ ತಂಗಿ ಆಗಲೇ ಚೀಲ ಹೆಗಲಿಗೆ ಹಾಕಿದ್ದಳು. ಅದನ್ನು ಮೊಳೆಗೆ ತೂಗುಹಾಕಿ, ತೋಳು ಮಡಿಸಿ, ಬಟ್ಟಲಿಗೆ ಹೊಸ ನೀರು ತುಂಬಿಸಿದಳು. ನನಗೆ ಬಾಗಿಲ ಪಕ್ಕದ ಪರದೆಯ ಹೊರಗೆ ನಿಲ್ಲಲು ಹೇಳಿದಳು. ಮೊದಲು ಒಳಗೆ ಹೋದದ್ದು ಇಸ್ತ್ರಿಯವಳ ಅಕ್ಕ. ಬಟ್ಟೆ ಹಿಂಡುವ ಸದ್ದು, ಒರೆಸುವ ಸದ್ದು, "ಭುಜ ಇಳಿಸಿ" ಎಂಬ ಗಡಿಬಿಡಿಯ ದನಿ. ನನ್ನ ತಂಗಿ ಬಾಯಿ ಬಿಡಲಿಲ್ಲ. ಮಷೀನು ಗುಂಯ್‌ಗುಟ್ಟಿ ನಿಂತಿತು.

"ಮೇಡಂ, ಬಂದು ನೋಡ್ತೀರಾ? ಇಷ್ಟು ಸಾಕಾ?"

ಪರದೆಯ ಸಂದಿಯಿಂದ ನನಗೆ ತಂಗಿಯ ಬೆನ್ನು ಕಾಣುತ್ತಿತ್ತು. ಕಂಪ್ಯೂಟರಿನ ಕಡೆಗೆ ಅವಳು ತಿರುಗಲಿಲ್ಲ.

"ನಿನಗೆ ಸಾಕು ಅನ್ಸಿದ್ರೆ ಸಾಕು" ಎಂದಳು, ಮತ್ತು ಮುಂದಿನವಳಿಗೆಂದು ಇನ್ನೊಂದು ಬಟ್ಟೆ ಒದ್ದೆ ಮಾಡತೊಡಗಿದಳು.